ಮೇಪಲ್ ಬುಡಕ್ಕೆ ಬೇರು ತರಿಸಿದ ಬೆಳಗಿನ ಬಿಸಿಲು

ಚಿಕ್ಕಮಗಳೂರಿನ ನಮ್ಮ ಮನೆಯ ಟ್ರೈಡೆಂಟ್ ಮೇಪಲ್ ಬೋನ್ಸಾಯ್‌ಗೆ ಬೇರುಗಳೆಲ್ಲ ಒಂದೇ ಕಡೆಗಿದ್ದವು. ಸುತ್ತಲೂ ಹೊಸ ಬೇರು ಬರಲೆಂದು ಫೆಬ್ರುವರಿಯಲ್ಲಿ ಬುಡದ ತೊಗಟೆಯನ್ನು ಉಂಗುರದಂತೆ ಸುಲಿದು, ಗೂಟಿ ಕಟ್ಟುವಾಗಿನ (ಗಿಡದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸುವಾಗಿನ) ಹಾಗೆಯೇ ಬೇರು ಬರಿಸುವ ಪುಡಿ ಸವರಿ, ಗಾಯ ಮುಚ್ಚುವಷ್ಟು ಮಣ್ಣು ಏರಿಸಿದೆ. ಗಾಯಗೊಂಡ ಗಿಡವೆಂದು ಮರುಗಿ ಕಾಫಿ ಗಿಡಗಳ ದಟ್ಟ ನೆರಳಿನಲ್ಲಿಟ್ಟೆ. ತಪ್ಪಾದದ್ದು ಅಲ್ಲೇ. 6 ವಾರ ಕಳೆದು ಮಣ್ಣು ಸರಿಸಿದರೆ ಗಾಯದಂಚಿನಲ್ಲಿ ಅಕ್ಕಿಕಾಳಿನಷ್ಟು ಬಿಳಿ ಗಂಟುಗಳು ಮಾತ್ರ.

ಹೊಸ ಬೇರಿಗೆ ಬೇಕಾದ ಸಕ್ಕರೆ ಎಲೆಯಿಂದಲೇ ಇಳಿಯಬೇಕು. ಬಿಸಿಲಿಲ್ಲದೆ ಎಲೆ ಏನು ತಯಾರಿಸೀತು? ಹಾಗೆಂದು ಬಯಲಿಗೆ ತಂದ ಮೂರೇ ದಿನಕ್ಕೆ ಎಲೆಯಂಚು ಸುಟ್ಟ ಕಾಗದದಂತೆ ಮುರುಟಿತು. ಕೊನೆಗೆ ಪೂರ್ವದ ಜಗಲಿಯಲ್ಲಿಟ್ಟೆ: 11 ಗಂಟೆಯವರೆಗೆ ಬಿಸಿಲು, ಆಮೇಲೆ ಗೋಡೆಯ ನೆರಳು. ಕುಂಡ ಕಾಯದಂತೆ ಒದ್ದೆ ಗೋಣಿ ಸುತ್ತಿದೆ. ಜೂನ್ ಮಳೆ ಹಿಡಿಯುವ ಹೊತ್ತಿಗೆ ಬುಡದ ಸುತ್ತಲೂ ಬೇರು!