ಮನೆತನದ ಕೊಲೆಸ್ಟ್ರಾಲ್: ರಿಪೋರ್ಟ್ ಓದುವುದು ಹೇಗೆ, ಯಾರ್ಯಾರ ರಕ್ತ ನೋಡಿಸಬೇಕು

ಲಿಪಿಡ್ ಪ್ರೊಫೈಲ್ ರಿಪೋರ್ಟ್ ಕೈಗೆ ಸಿಕ್ಕ ತಕ್ಷಣ ನಮ್ಮ ಜನ ನೋಡುವುದು ಟೋಟಲ್ ಕೊಲೆಸ್ಟ್ರಾಲ್ ಸಾಲನ್ನು. 200ರ ಮೇಲಿದ್ದರೆ ಮುಂದಿನ ಪ್ರಶ್ನೆ, "ಬಾಡು ಬಿಡ್ಬೇಕಾ?" ಮಂಡ್ಯದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆದು ರಿಪೋರ್ಟ್ ಕೊಡುವ ಹೆಂಗಸು ನಾನು. ಔಷಧಿ ಬರೆಯುವುದು ಡಾಕ್ಟರ ಕೆಲಸ. ಆದರೆ ಯಾವ ರಿಪೋರ್ಟ್ ಊಟದಿಂದ, ಹೊಟ್ಟೆ ಬೊಜ್ಜಿನಿಂದ ಬಂದದ್ದು, ಯಾವುದು ಹುಟ್ಟಿನಿಂದಲೇ ಬಂದಿರಬಹುದು ಎಂದು ಅನುಮಾನಪಡುವಷ್ಟು ಲೆಕ್ಕವನ್ನು ಯಾರು ಬೇಕಾದರೂ ಕಲಿಯಬಹುದು.

ಟೋಟಲ್ ಬಿಟ್ಟು ಎಲ್‌ಡಿಎಲ್, ಅಂದರೆ 'ಕೆಟ್ಟ' ಕೊಲೆಸ್ಟ್ರಾಲ್ ಸಾಲಿಗೆ ಬನ್ನಿ. ಬಹಳ ಲ್ಯಾಬುಗಳಲ್ಲಿ ಇದನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ತೆಗೆಯುತ್ತಾರೆ: ಟೋಟಲ್‌ನಿಂದ ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) ಕಳೆಯಿರಿ, ಟ್ರೈಗ್ಲಿಸರೈಡ್‌ (ರಕ್ತದಲ್ಲಿನ ಇನ್ನೊಂದು ಬಗೆಯ ಕೊಬ್ಬು) ಎಷ್ಟಿದೆಯೋ ಅದರ ಐದನೇ ಒಂದು ಭಾಗವನ್ನೂ ಕಳೆಯಿರಿ. ಉದಾಹರಣೆಗೆ ಟೋಟಲ್ 318, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 120 ಇದ್ದರೆ ಎಲ್‌ಡಿಎಲ್ 250. ಇನ್ನೊಬ್ಬರದು ಟೋಟಲ್ 240, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 350 ಎಂದುಕೊಳ್ಳಿ, ಎಲ್‌ಡಿಎಲ್ 138 ಬರುತ್ತದೆ. ಎರಡನೆಯ ರಿಪೋರ್ಟ್ ನೋಡಿದರೆ ನಾನು ಶುಗರ್, ಕುಡಿತ, ಸೊಂಟದ ಸುತ್ತಳತೆ ವಿಚಾರಿಸುತ್ತೇನೆ. ಮೊದಲನೆಯದನ್ನು ನೋಡಿದರೆ ಅಪ್ಪ ಅವ್ವನ ವಿಚಾರ ಕೇಳುತ್ತೇನೆ. ಟ್ರೈಗ್ಲಿಸರೈಡ್ ಸರಿಯಾಗಿದ್ದು ಎಲ್‌ಡಿಎಲ್ ಒಂದೇ ಏರಿ ಕೂತಿರುವುದು ಮನೆತನದಿಂದ ಬರುವ ಕೊಲೆಸ್ಟ್ರಾಲ್ ಕಾಯಿಲೆಯ ಮಾಮೂಲಿ ಲಕ್ಷಣ. ದೊಡ್ಡವರಲ್ಲಿ 190 ದಾಟಿದರೆ, ಮಕ್ಕಳಲ್ಲಿ 160 ದಾಟಿದರೆ ಅನುಮಾನ ಪಡಬೇಕು. ಟ್ರೈಗ್ಲಿಸರೈಡ್ 400ರ ಮೇಲಿದ್ದರೆ ಮಾತ್ರ ಈ ಕಳೆಯುವ ಲೆಕ್ಕ ನಂಬಬೇಡಿ, ಎಲ್‌ಡಿಎಲ್ ಅನ್ನು ನೇರವಾಗಿ ಅಳೆಸಿ.

ಡಾಕ್ಟರುಗಳು ಇದಕ್ಕೆ ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟರಾಲೆಮಿಯಾ ಎನ್ನುತ್ತಾರೆ, ಚೀಟಿಯಲ್ಲಿ ಬರೀ ಎಫ್‌ಎಚ್ ಎಂದಿರುತ್ತದೆ. ಲಿವರ್ ಜೀವಕೋಶಗಳ ಮೈಮೇಲೆ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳಿವೆ. ಅವನ್ನು ಮಾಡಿಸುವ ಜೀನ್ 19ನೇ ಕ್ರೋಮೋಸೋಮಿನಲ್ಲಿದೆ. ಅಪ್ಪನಿಂದ ಒಂದು, ಅವ್ವನಿಂದ ಒಂದು ಪ್ರತಿ ಬರುತ್ತದೆ. ಅದರಲ್ಲಿ ಒಂದು ಕೆಟ್ಟಿದ್ದರೆ ಕೆಲಸ ಮಾಡುವ ಗ್ರಾಹಕಗಳು ಸುಮಾರು ಅರ್ಧಕ್ಕೆ ಇಳಿಯುತ್ತವೆ. ನಾಲೆಯಿಂದ ಗದ್ದೆಗೆ ನೀರು ಎಲ್ಲರಿಗೂ ಬಂದಷ್ಟೇ ಬರುತ್ತಿದೆ, ಬಸಿಗಾಲುವೆ ಮಾತ್ರ ಅರ್ಧ ಹೂತುಹೋಗಿದೆ. ಎರಡು ಮೂರು ದಿನದಲ್ಲಿ ರಕ್ತದಿಂದ ಹೋಗಬೇಕಾದ ಕಣ ಹೆಚ್ಚುಕಡಿಮೆ ಅದರ ಎರಡರಷ್ಟು ಕಾಲ ಅಲ್ಲೇ ಸುತ್ತುತ್ತದೆ, ಹೃದಯದ ರಕ್ತನಾಳದ ಗೋಡೆಯೊಳಗೆ ಸೇರುತ್ತದೆ. ಇದು ತೊಟ್ಟಿಲಲ್ಲಿದ್ದಾಗಿನಿಂದ ನಡೆಯುತ್ತಿರುತ್ತದೆ. 250 ಎಲ್‌ಡಿಎಲ್ ಇರುವ ಮೂವತ್ತೈದರ ಗಂಡಸಿನ ರಕ್ತನಾಳ ಮೂವತ್ತೈದು ವರ್ಷವೂ ಆ ಹೊರೆ ಹೊತ್ತಿದೆ. ಗ್ರಾಹಕದ ಈ ಗುಟ್ಟು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಅಪೋಬಿ ಎಂಬ ಬೇರೆ ಜೀನ್ ಕೆಟ್ಟರೂ, ಪಿಸಿಎಸ್‌ಕೆ9 ಎಂಬ ಜೀನ್ ಅತಿಯಾಗಿ ಕೆಲಸ ಮಾಡಿದರೂ ಫಲ ಇದೇ.

"ಕಡ್ಡಿ ಹಂಗಿದ್ದೀನಿ, ದಿನಾ ಗದ್ದೇಲಿ ಗೇಯ್ತೀನಿ, ನಂಗ್ಯಾಕೆ ಬತ್ತದೆ ಕಣವ್ವ?" ಎನ್ನುವವರಿಗೆ ಉತ್ತರ ಇದೇ. ಮೈ ಸಣ್ಣಗಿರುವುದಕ್ಕೂ ಈ ಜೀನ್‌ಗೂ ಸಂಬಂಧವಿಲ್ಲ. ಪ್ರಪಂಚದ ಲೆಕ್ಕದಲ್ಲಿ ಸುಮಾರು 250ರಿಂದ 300 ಜನಕ್ಕೆ ಒಬ್ಬರಲ್ಲಿ ಇದೆ, ಅಷ್ಟೇನೂ ಅಪರೂಪದ್ದಲ್ಲ.

ಆದರೂ ಒಂದೇ ರಿಪೋರ್ಟ್ ಹಿಡಿದು ಗಾಬರಿ ಬೀಳಬೇಡಿ. ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ, ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೂ, ಪಿತ್ತರಸ ಕಟ್ಟಿಕೊಂಡಿದ್ದರೂ ಏರುತ್ತದೆ. ಬಸುರಿಯಲ್ಲಿ ಏರುವುದು ಸಹಜ, ಹೆರಿಗೆಯಾಗಿ ಕೆಲವು ತಿಂಗಳು ಬಿಟ್ಟು ನೋಡಿ. ದೊಡ್ಡ ಜ್ವರ, ಆಪರೇಷನ್, ಹಾರ್ಟ್ ಅಟ್ಯಾಕ್ ಆದಮೇಲೆ ಕೆಲವು ವಾರ ಸಂಖ್ಯೆ ಸುಳ್ಳೇ ಇಳಿದಿರುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಬಂದ 'ನಾರ್ಮಲ್' ನೋಡಿ ನಿರಾಳವಾಗಬೇಡಿ.

ಇನ್ನು ಮನೆತನದ ಪಟ್ಟಿ. ನನ್ನ ಮಟ್ಟಿಗೆ ಇದು ರಕ್ತ ಪರೀಕ್ಷೆಯಷ್ಟೇ ಮುಖ್ಯ, ಜನ ಅಸಡ್ಡೆ ಮಾಡುವುದೂ ಇದನ್ನೇ. "ನಿಮ್ಮನೇಲಿ ಯಾರಿಗಾದ್ರೂ ಹಾರ್ಟ್ ಪ್ರಾಬ್ಲಮ್ ಇತ್ತಾ?" ಎಂದು ಕೇಳಿದರೆ ಹತ್ತರಲ್ಲಿ ಎಂಟು ಜನ ಇಲ್ಲ ಎನ್ನುತ್ತಾರೆ. ಹಾಗೆ ಕೇಳಬಾರದು. ಸತ್ತವರ ಹೆಸರು ಒಂದೊಂದೇ ಹಿಡಿದು, ಹೇಗೆ ಹೋದರು ಎಂದು ಕೇಳಬೇಕು. "ಗ್ಯಾಸ್ಟ್ರಿಕ್ ಅಂತಿದ್ದ, ರಾತ್ರಿ ಮಲಗಿದೋನು ಏಳ್ಲಿಲ್ಲ", "ಬೆವರು ಕಿತ್ಕೊಂಡ್ತು, ಆಸ್ಪತ್ರೆ ಬಾಗಿಲಲ್ಲೇ ಹೋಗ್ಬುಟ್ಟ", "ಗಾಳಿ ಸೋಕ್ತು". ಇಂಥ ಮಾತು ಬಂದರೆ ಬರೆದುಕೊಳ್ಳಿ. ವಯಸ್ಸು ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಆಗ 1991ರ ಕಾವೇರಿ ಗಲಾಟೆಗೆ ಮುಂಚೆಯೋ ಆಮೇಲೋ, ರಾಜ್‌ಕುಮಾರ್ ಅವರನ್ನು ವೀರಪ್ಪನ್ ಹೊತ್ತುಕೊಂಡು ಹೋದ 2000ದಲ್ಲಿ ಬದುಕಿದ್ದರೋ ಇಲ್ಲವೋ ಎಂದು ಕೇಳಿ, ವಯಸ್ಸು ತಾನಾಗಿ ಸಿಗುತ್ತದೆ. ಗಂಡಸು 55ಕ್ಕೆ ಮುಂಚೆ, ಹೆಂಗಸು 60ಕ್ಕೆ ಮುಂಚೆ ಎದೆನೋವಿನಿಂದ ಹೋಗಿದ್ದರೆ ಆ ಹೆಸರಿಗೆ ಗುರುತು ಹಾಕಿ.

ಪಟ್ಟಿಯಲ್ಲಿ ಸದಾ ತಪ್ಪಿಹೋಗುವವರು ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು. "ಅವ್ರು ಬೇರೆ ಮನೆಯವ್ರು" ಎನ್ನುತ್ತಾರೆ. ಮನೆ ಬದಲಾದರೂ ರಕ್ತ ಬದಲಾಗುವುದಿಲ್ಲವಲ್ಲ! ಗೌರಿ ಹಬ್ಬಕ್ಕೆ ಯಾರ್ಯಾರಿಗೆ ಬಾಗಿನ ಕೊಡುತ್ತೀರಿ ಎಂದು ಕೇಳಿದರೆ ಮಳವಳ್ಳಿಯ ಅತ್ತೆ, ಪಾಂಡವಪುರದ ತಂಗಿ, ಬನ್ನೂರಿನ ಅಕ್ಕ ಎಲ್ಲರೂ ಬರುತ್ತಾರೆ. ಎಫ್‌ಎಚ್ ಇರುವವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ, ಗಂಡು ಹೆಣ್ಣು ಎಂಬ ಭೇದವಿಲ್ಲ. ಅಣ್ಣತಮ್ಮ ಅಕ್ಕತಂಗಿಯರಿಗೂ ಅಷ್ಟೇ. ಒಬ್ಬರಲ್ಲಿ ಖಚಿತವಾದರೆ ಮೊದಲು ಅಪ್ಪ ಅವ್ವ, ಒಡಹುಟ್ಟಿದವರು, ಮಕ್ಕಳು; ಅವರಲ್ಲಿ ಯಾರಿಗೆ ಸಿಗುತ್ತದೋ ಅವರ ಮಕ್ಕಳು. ಹೀಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗಬೇಕು. ಮಕ್ಕಳಿಗೆ ಎರಡು ವರ್ಷ ದಾಟಿದ ಮೇಲೆ ಮಾಡಿಸಬಹುದು, ಹತ್ತರೊಳಗೆ ಮಾಡಿಸಿದರೆ ಒಳ್ಳೆಯದು.

ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಡುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಕೆಟ್ಟ ಜೀನ್ ಇದ್ದರೆ, ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆಯಲ್ಲಿ ಮಗುವಿಗೆ ಎರಡೂ ಪ್ರತಿ ಕೆಟ್ಟವೇ ಬರುತ್ತವೆ. ಅಂಥ ಮಗುವಿನ ಎಲ್‌ಡಿಎಲ್ 400, 500 ದಾಟಬಹುದು. ಮೊಣಕೈ, ಮಂಡಿ, ಕುಂಡೆ ಮೇಲೆ ಹಳದಿ ಗಂಟುಗಳು ಏಳುತ್ತವೆ, ಹದಿಹರೆಯದಲ್ಲೇ ಹೃದಯಕ್ಕೆ ಪೆಟ್ಟು ಬೀಳಬಹುದು. ಚರ್ಮದ ಕಾಯಿಲೆ ಎಂದು ಮುಲಾಮು ಹಚ್ಚುತ್ತಾ ಕೂರದೆ ರಕ್ತ ನೋಡಿಸಿ.

ದೊಡ್ಡವರ ಮೈಮೇಲೂ ಗುರುತು ಸಿಗಬಹುದು. ಹಿಮ್ಮಡಿಯ ಮೇಲಿನ ದಪ್ಪ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ದಪ್ಪಗೆ ಗಂಟುಗಂಟಾಗಿದೆಯಾ? ಬೆರಳ ಗೆಣ್ಣಿನ ಮೇಲೆ ಗಂಟಿದೆಯಾ? 45ಕ್ಕೆ ಮುಂಚೆಯೇ ಕಣ್ಣಿನ ಕಪ್ಪು ಭಾಗದ ಸುತ್ತ ಬೂದು ಬಣ್ಣದ ಬಳೆ ಕಟ್ಟಿದೆಯಾ? ಇವು ಇದ್ದರೆ ಅನುಮಾನ ಗಟ್ಟಿ. ಇಲ್ಲದಿದ್ದರೆ ಕಾಯಿಲೆಯೂ ಇಲ್ಲ ಎಂದಲ್ಲ, ಬಹಳ ಜನಕ್ಕೆ ಏನೂ ಕಾಣುವುದಿಲ್ಲ. ರೆಪ್ಪೆ ಮೇಲಿನ ಹಳದಿ ಕಲೆ ಬೇರೆಯವರಿಗೂ ಬರುತ್ತದೆ, ಅದೊಂದನ್ನೇ ನೆಚ್ಚಬೇಡಿ.

ರಿಪೋರ್ಟ್ ಮತ್ತು ಪಟ್ಟಿ ಎರಡನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಇಲ್ಲಿಯವರಿಗೆ ಮಂಡ್ಯದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್ ಇದೆ, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಕೆಆರ್‌ಎಸ್ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆ ಇವೆ. ಜೀನ್ ಪರೀಕ್ಷೆ ದುಬಾರಿ. ಅದಿಲ್ಲದೆಯೂ ಚಿಕಿತ್ಸೆ ಶುರು ಮಾಡುತ್ತಾರೆ. ಲೈಪೋಪ್ರೋಟೀನ್ ಎ ಎಂಬ ಇನ್ನೊಂದು ಪರೀಕ್ಷೆಯನ್ನು ಜೀವಮಾನದಲ್ಲಿ ಒಮ್ಮೆ ಮಾಡಿಸಲು ಹೇಳಬಹುದು, ಅದೂ ಹುಟ್ಟಿನಿಂದ ಬರುವುದೇ.

ಮೊದಲು ಕೊಡುವುದು ಸಾಮಾನ್ಯವಾಗಿ ಸ್ಟಾಟಿನ್ ಗುಂಪಿನ ಮಾತ್ರೆ, ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್. ಇವುಗಳಿಂದ ಲಿವರ್ ಒಳಗೆ ಕೊಲೆಸ್ಟ್ರಾಲ್ ತಯಾರಿಕೆ ತಗ್ಗಿದಾಗ ಲಿವರ್ ಹೆಚ್ಚು ಗ್ರಾಹಕಗಳನ್ನು ಹೊರಗಿಡುತ್ತದೆ, ರಕ್ತದ ಎಲ್‌ಡಿಎಲ್ ಒಳಗೆ ಹೋಗುತ್ತದೆ. ದೊಡ್ಡ ಡೋಸಿನಲ್ಲಿ ಅರ್ಧದಷ್ಟು ಇಳಿಯುತ್ತದೆ: 250 ಇದ್ದದ್ದು 125. ಕರುಳಿನಲ್ಲಿ ಹೀರಿಕೆ ತಡೆಯುವ ಎಜೆಟಿಮೈಬ್ ಸೇರಿಸಿದರೆ ಅದರಲ್ಲಿ ಇನ್ನೊಂದು ಐದನೇ ಭಾಗ ಇಳಿದು 100ರ ಹತ್ತಿರ ಬರಬಹುದು. ಆಗಲೇ ಅಟ್ಯಾಕ್ ಆದವರಿಗೆ ಅಷ್ಟು ಸಾಲದು, 70ಕ್ಕಿಂತ, ಕೆಲವರಿಗೆ 55ಕ್ಕಿಂತ ಕೆಳಗೆ ಬೇಕು. ಅದಕ್ಕೆ ಚರ್ಮದಡಿ ಕೊಡುವ ಇಂಜೆಕ್ಷನ್‌ಗಳಿವೆ, ಬೆಲೆ ಜಾಸ್ತಿ. ಸ್ಟಾಟಿನ್ ಮಾತ್ರೆಗಳು ಜನೌಷಧಿ ಅಂಗಡಿಯಲ್ಲೂ ಸಿಗುತ್ತವೆ. ಮಕ್ಕಳಿಗೂ ಎಂಟು ಹತ್ತು ವರ್ಷದಿಂದ ಕೊಡುವುದುಂಟು. ಮಗು ಬೇಕೆನ್ನುವ ಹೆಣ್ಣುಮಕ್ಕಳು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಊಟದ ಮಾತಿಗೆ ಬಂದರೆ, ಬೋಟಿ, ತಲೆಮಾಂಸ, ತುಪ್ಪ ಸುರಿದ ಮೈಸೂರುಪಾಕ್, ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ವಡೆ ಇವನ್ನು ಕಡಿಮೆ ಮಾಡಿ. ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು ಒಳ್ಳೆಯವೇ. ಆದರೆ ಪಥ್ಯ ಎಷ್ಟೇ ಕಟ್ಟುನಿಟ್ಟಾದರೂ ಎಲ್‌ಡಿಎಲ್ ಶೇಕಡಾ 10ರಿಂದ 15 ಇಳಿದರೆ ಹೆಚ್ಚು. 250 ಇದ್ದವರಿಗೆ ಬೆಳ್ಳುಳ್ಳಿ ನೀರು ಸಾಕು ಎನ್ನುವವರ ಮಾತು ಕೇಳಿ ಮಾತ್ರೆ ಬಿಡಬೇಡಿ. ಬೀಡಿ ಸಿಗರೇಟು ಮಾತ್ರ ಇವತ್ತೇ ನಿಲ್ಲಬೇಕು, ಅದರಲ್ಲಿ ಚೌಕಾಸಿ ಇಲ್ಲ.

ಮಾತ್ರೆ ಶುರುವಾಗಿ ನಾಲ್ಕರಿಂದ ಹನ್ನೆರಡು ವಾರದೊಳಗೆ ಮತ್ತೆ ರಕ್ತ ಕೊಡಿ. ಆಗ ಸಂಖ್ಯೆ ಇಳಿದಿರುತ್ತದೆ, "ವಾಸಿಯಾಯ್ತು" ಎಂದು ನಿಲ್ಲಿಸುವವರೇ ಜಾಸ್ತಿ. ನಿಲ್ಲಿಸಿದರೆ ಕೆಲವೇ ವಾರದಲ್ಲಿ ಹಳೆಯ ಜಾಗಕ್ಕೇ ಏರುತ್ತದೆ. ಸ್ನಾಯು ನೋವು ಬಂದರೆ ನಿಲ್ಲಿಸುವ ಮುಂಚೆ ಡಾಕ್ಟರನ್ನು ಕೇಳಿ, ಡೋಸೋ ಮಾತ್ರೆಯೋ ಬದಲಿಸುತ್ತಾರೆ. ಮಾತ್ರೆಗೆ ಮುಂಚಿನ ಮೊದಲ ರಿಪೋರ್ಟನ್ನು ಮಾತ್ರ ಬಿಸಾಡಬೇಡಿ. ಫೋಟೋ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಬಾಗಿನ ಕೊಡುವ ಮನೆಗಳೂ ಆ ಗುಂಪಿನಲ್ಲಿರಲಿ. ನಾಳೆ ಅವರ ಡಾಕ್ಟರು ಕೇಳುವುದು ಆ ಸಂಖ್ಯೆಯನ್ನೇ.