ಎರಡನೇ ಸುತ್ತಿನ ಹುಡುಗನನ್ನು ಮೊದಲ ಜೋಡಿಗೆ ತಂದ ಬಗೆ: ನನ್ನ ಅನುಭವ

ಐಸ್ ಹಾಕಿಯ ಕಂಪ್ಯೂಟರ್ ಆಟದ ನಮ್ಮ ಲೀಗಿನಲ್ಲಿ, ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಕ್ರಮ) ಎರಡನೇ ಸುತ್ತಿನ ಕೊನೆಗೆ ನಾನು ಆರಿಸಿಕೊಂಡ ಸ್ವೀಡನ್ನಿನ ಹುಡುಗ ಈಗ ಇಪ್ಪತ್ತೆರಡರ ಪ್ರಾಯದಲ್ಲಿ ನನ್ನ ತಂಡದ ಡಿಫೆನ್ಸ್‌ಮನ್‌ಗಳ ಮೊದಲ ಜೋಡಿಯ ಎಡಬದಿಯಲ್ಲಿ ಪಂದ್ಯಕ್ಕೆ ಸುಮಾರು 23 ನಿಮಿಷ ಆಡುತ್ತಿದ್ದಾನೆ, ಮತ್ತು ಅವನನ್ನು ಫಾರ್ಮ್ ತಂಡದಲ್ಲಿ (ಹುಡುಗರನ್ನು ಬೆಳೆಸುವ ಕೆಳಹಂತದ ತಂಡ) ಕೊಳೆಸುತ್ತಿದ್ದೇನೆಂದು ಎರಡು ವರ್ಷ ಹೇಳುತ್ತಿದ್ದ ಮ್ಯಾನೇಜರುಗಳೇ ಅವನಿಗಾಗಿ ಮೊದಲ ಸುತ್ತಿನ ಆಯ್ಕೆಗಳನ್ನು ಮುಂದೊಡ್ಡುತ್ತಿದ್ದಾರೆ. ಕೊಡುವ ಯೋಚನೆ ನನಗಿಲ್ಲ. ಆದರೆ ಅವನನ್ನು ಬೆಳೆಸಿದ ಕ್ರಮ ಏನೆಂದು ಹಲವರು ಕೇಳಿದ್ದರಿಂದ, ಹೇಳಬಹುದಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಲೀಗ್ ನಡೆಯುವುದು ಈಸ್ಟ್‌ಸೈಡ್ ಹಾಕಿ ಮ್ಯಾನೇಜರ್ ಆಟದ ಮೇಲೆ. ಅದರಲ್ಲಿ ಆಟಗಾರನ ಒಂದೊಂದು ಗುಣಕ್ಕೂ ಒಂದರಿಂದ ಇಪ್ಪತ್ತರ ಅಳತೆ, ಸದ್ಯದ ಸಾಮರ್ಥ್ಯ ಮತ್ತು ಗರಿಷ್ಠ ಸಾಮರ್ಥ್ಯಕ್ಕೆ ಇನ್ನೂರರ ಅಳತೆ, ಜೊತೆಗೆ ಕಣ್ಣಿಗೆ ಕಾಣದ ಸ್ವಭಾವದ ಅಂಕಗಳು ಇರುತ್ತವೆ.

ಮೊದಲು ಹಣದ ಮಾತು, ಏಕೆಂದರೆ ಈ ಕ್ರಮಕ್ಕೆ ನಾನು ಬಂದದ್ದೇ ಹಣ ಕಳೆದುಕೊಂಡ ಮೇಲೆ. ಇವನಿಗಿಂತ ಮೊದಲು ನನ್ನ ಬಳಿ ಮೊದಲ ಸುತ್ತಿನ, ಮೊದಲ ಹತ್ತರೊಳಗೆ ಆಯ್ಕೆಯಾದ ಒಬ್ಬ ಡಿಫೆನ್ಸ್‌ಮನ್ ಇದ್ದ. ಲೀಗಿನಲ್ಲಿ ಎಲ್ಲರೂ ಮಾಡುತ್ತಿದ್ದಂತೆ ಅವನನ್ನು ಹದಿನೆಂಟಕ್ಕೇ ಮುಖ್ಯ ತಂಡಕ್ಕೆ ತಂದು, ಸಮಬಲದ ಆಟದಲ್ಲಿ (ಎರಡೂ ಕಡೆ ಆಟಗಾರರು ಸಮಸಂಖ್ಯೆಯಲ್ಲಿರುವಾಗ) ಹನ್ನೊಂದು ನಿಮಿಷ ಮತ್ತು ಪವರ್ ಪ್ಲೇಯ (ಎದುರಾಳಿ ಆಟಗಾರ ಪೆನಾಲ್ಟಿಯಿಂದ ಹೊರಗಿರುವ ಹೊತ್ತಿನ ಆಟ) ಮೊದಲ ಘಟಕದಲ್ಲಿ ಜಾಗ ಕೊಡಲಾಯಿತು. ಪಾಸಿಂಗ್ ಮತ್ತು ಸ್ಲ್ಯಾಪ್‌ಶಾಟ್ (ಸ್ಟಿಕ್ ಎತ್ತಿ ಬಲವಾಗಿ ಬಾರಿಸುವ ಶಾಟ್) ಚೆನ್ನಾಗಿದ್ದವು, ಪಾಯಿಂಟುಗಳು (ಗೋಲು ಮತ್ತು ಅಸಿಸ್ಟುಗಳ ಮೊತ್ತ) ಬಂದವು, ಎಲ್ಲರೂ ಹೊಗಳಿದರು. ಆದರೆ ಪೊಸಿಷನಿಂಗ್ (ಸರಿಯಾದ ಜಾಗದಲ್ಲಿ ನಿಲ್ಲುವ ಗುಣ) ಹನ್ನೊಂದರಲ್ಲಿ ನಿಂತಿತು, ಆಂಟಿಸಿಪೇಷನ್ (ಮುಂದಾಗುವುದನ್ನು ಊಹಿಸುವ ಗುಣ) ಹತ್ತರ ಆಸುಪಾಸಿನಲ್ಲೇ ಉಳಿಯಿತು, ಮತ್ತು ಮೂರು ವರ್ಷದ ಪ್ರವೇಶ ಒಪ್ಪಂದ (ಹೊಸ ಆಟಗಾರನ ಮೊದಲ ಒಪ್ಪಂದ) ಇಪ್ಪತ್ತೊಂದಕ್ಕೇ ಮುಗಿದಾಗ ಅವನ ಪ್ರತಿನಿಧಿ ಆ ಪಾಯಿಂಟುಗಳನ್ನೇ ಮುಂದಿಟ್ಟು ವರ್ಷಕ್ಕೆ ಐವತ್ತೈದು ಲಕ್ಷ ಡಾಲರಿನಂತೆ ಆರು ವರ್ಷದ ಒಪ್ಪಂದ ಪಡೆದ. ಎರಡು ಋತು ಕಳೆಯುವಷ್ಟರಲ್ಲಿ ಅವನು ಎದುರಾಳಿಯ ಮೂರನೇ ಸಾಲಿನ ಫಾರ್ವರ್ಡ್‌ಗಳ ಎದುರೂ ನಿಲ್ಲಲಾರದವನಾಗಿದ್ದ. ಕೊನೆಗೆ ಅವನನ್ನು ಬೇರೆ ತಂಡಕ್ಕೆ ಕಳಿಸಬೇಕಾದರೆ ಸಂಬಳದ ಅರ್ಧಭಾಗವನ್ನು ನಾವೇ ಹೊರಬೇಕಾಯಿತು. ಹೀಗೆ ವರ್ಷಕ್ಕೆ ಇಪ್ಪತ್ತೇಳು ಲಕ್ಷಕ್ಕೂ ಹೆಚ್ಚು ಮೊತ್ತ ನಾಲ್ಕು ವರ್ಷಗಳ ಕಾಲ ನಮ್ಮ ಸಂಬಳ ಮಿತಿಯ (ತಂಡವೊಂದು ಸಂಬಳಕ್ಕೆ ತೆರಬಹುದಾದ ಗರಿಷ್ಠ ಮೊತ್ತ) ಲೆಕ್ಕದಲ್ಲಿ ಸತ್ತ ಹಣವಾಗಿ ಉಳಿಯಿತು. ಆ ಮೊತ್ತಕ್ಕೆ ಒಬ್ಬ ಒಳ್ಳೆಯ ಎರಡನೇ ಸಾಲಿನ ಸೆಂಟರ್ ಸಿಗುತ್ತಿದ್ದ.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಫಾರ್ವರ್ಡ್‌ಗಳ ಮಟ್ಟಿಗೆ ಬಹಳಷ್ಟು ನಿಜ. ಡಿಫೆನ್ಸ್‌ಮನ್‌ಗಳ ವಿಷಯದಲ್ಲಿ ಅದನ್ನು ನಂಬಿ ಕೆಟ್ಟವರೇ ಹೆಚ್ಚು. ನಿಜವಾದ ಐಸ್ ಹಾಕಿಯಲ್ಲೂ ಇದು ಹೊಸ ಮಾತಲ್ಲ. ನಿಕ್ಲಾಸ್ ಲಿಡ್‌ಸ್ಟ್ರೋಮ್ 1989ರ ಡ್ರಾಫ್ಟಿನಲ್ಲಿ 53ನೆಯವನಾಗಿ ಆಯ್ಕೆಯಾಗಿ, ಇನ್ನೆರಡು ವರ್ಷ ಸ್ವೀಡನ್ನಿನ ವೆಸ್ಟೆರೋಸ್‌ನಲ್ಲೇ ಆಡಿ 1991ರಲ್ಲಿ ಡೆಟ್ರಾಯಿಟ್‌ಗೆ ಬಂದವರು. ಆಮೇಲೆ ಅತ್ಯುತ್ತಮ ಡಿಫೆನ್ಸ್‌ಮನ್‌ಗೆ ಕೊಡುವ ನಾರಿಸ್ ಟ್ರೋಫಿಯನ್ನು ಏಳು ಬಾರಿ ಗೆದ್ದರು. ಡಂಕನ್ ಕೀತ್ 2002ರಲ್ಲಿ 54ನೆಯವರಾಗಿ ಆಯ್ಕೆಯಾಗಿ, ಫಾರ್ಮ್ ತಂಡಗಳು ಆಡುವ ಅಮೆರಿಕನ್ ಹಾಕಿ ಲೀಗಿನಲ್ಲಿ ಎರಡು ಪೂರ್ಣ ಋತು ಕಳೆದ ನಂತರವೇ ಷಿಕಾಗೋ ತಂಡ ಸೇರಿದರು. 2010 ಮತ್ತು 2014ರಲ್ಲಿ ಅವರಿಗೂ ಅದೇ ಟ್ರೋಫಿ ಬಂತು. ಮಾರ್ಕ್ ಜಿಯೊರ್ಡಾನೋ ಅವರನ್ನು ಡ್ರಾಫ್ಟಿನಲ್ಲಿ ಯಾರೂ ಆರಿಸಿಯೇ ಇರಲಿಲ್ಲ, ಆದರೂ 2019ರಲ್ಲಿ ಮೂವತ್ತೈದರ ಪ್ರಾಯದಲ್ಲಿ ಅದನ್ನು ಗೆದ್ದರು. ಆಟದ ಒಳಗಿನ ಲೆಕ್ಕಾಚಾರವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆಯುತ್ತದೆ ಎಂಬುದು ನನ್ನ ಅನುಮಾನವಾಗಿತ್ತು, ಮತ್ತು ಅದನ್ನು ಪರೀಕ್ಷಿಸದೆ ಇನ್ನೊಬ್ಬ ಹುಡುಗನ ಮೇಲೆ ಹಣ ಹಾಕಲು ನಾನು ಸಿದ್ಧನಿರಲಿಲ್ಲ.

ಅದಕ್ಕಾಗಿ ಲೀಗಿನಿಂದ ಹೊರಗೆ, ನನ್ನದೇ ಒಂಟಿ ಆಟದ ಕಡತದಲ್ಲಿ, ಎಡಿಟರ್ ಬಳಸಿ ಒಂದೇ ಸಾಮರ್ಥ್ಯ, ಒಂದೇ ಗರಿಷ್ಠ ಮಿತಿ, ಒಂದೇ ಸ್ವಭಾವದ ಕೆಲವು ಹುಡುಗರನ್ನು ಸೃಷ್ಟಿಸಿ ಬೇರೆ ಬೇರೆ ರೀತಿ ಬೆಳೆಸಿ ನೋಡಿದೆ. ಮುಖ್ಯ ತಂಡದಲ್ಲಿ ಹತ್ತು ನಿಮಿಷ ಆಡಿದವರು, ಜೂನಿಯರ್‌ನಲ್ಲೇ ಉಳಿದವರು, ಫಾರ್ಮ್ ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ನಿಮಿಷ ಆಡಿದವರು ಎಂದು ಗುಂಪು ಮಾಡಿ ಹಲವು ಸಲ ಐದು ವರ್ಷ ಮುಂದಕ್ಕೆ ಓಡಿಸಿದೆ. ಒಂದೊಂದು ಓಟಕ್ಕೂ ಫಲಿತಾಂಶ ಸಾಕಷ್ಟು ಬದಲಾಗುತ್ತಿತ್ತು, ಹಾಗಾಗಿ ಒಂದೇ ಓಟ ನೋಡಿ ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ಒಟ್ಟಾರೆ ನೋಡಿದಾಗ ಮಾತ್ರ ಫಾರ್ಮ್ ತಂಡದಲ್ಲಿ ಹೆಚ್ಚು ನಿಮಿಷ ಆಡಿದವರು ಇಪ್ಪತ್ತಮೂರರ ಹೊತ್ತಿಗೆ ಸದ್ಯದ ಸಾಮರ್ಥ್ಯದಲ್ಲಿ ಉಳಿದವರಿಗಿಂತ ಹತ್ತು ಹದಿನೈದು ಅಂಕ ಮುಂದಿರುತ್ತಿದ್ದರು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು, ಆ ಅಂಕಗಳು ಪೊಸಿಷನಿಂಗ್, ಪೋಕ್‌ಚೆಕ್ (ಚೆಂಡಿನ ಬದಲಿಗಿರುವ ಬಿಲ್ಲೆಯಾದ ಪಕ್ ಅನ್ನು ಸ್ಟಿಕ್ಕಿನಿಂದ ಚುಚ್ಚಿ ತಪ್ಪಿಸುವುದು), ಆಂಟಿಸಿಪೇಷನ್‌ಗಳಲ್ಲಿ ಕೂಡಿಕೊಂಡಿದ್ದವು ಎಂಬುದು.

ಈ ಹುಡುಗನನ್ನು ಆರಿಸುವಾಗ ನನ್ನ ಸ್ಕೌಟುಗಳ ವರದಿ ಅಷ್ಟೇನೂ ಉತ್ಸಾಹದ್ದಾಗಿರಲಿಲ್ಲ. ವೇಗ ಹದಿನಾಲ್ಕು, ಸಮತೋಲನ ಹದಿನೈದು, ವರ್ಕ್ ರೇಟ್ ಹದಿನಾರು, ಆದರೆ ಸ್ಲ್ಯಾಪ್‌ಶಾಟ್ ಒಂಬತ್ತು ಮತ್ತು ಡೀಕಿಂಗ್ (ಎದುರಾಳಿಯನ್ನು ಏಮಾರಿಸಿ ದಾಟುವುದು) ಏಳೋ ಎಂಟೋ. ಹೊಳಪಿನ ಗುಣಗಳು ಇಲ್ಲದ್ದರಿಂದಲೇ ಅವನು ಅಷ್ಟು ಕೆಳಗೆ ಇಳಿದದ್ದು. ಅವನ ವೃತ್ತಿನಿಷ್ಠೆಯ ಅಂಕ ಕಾಣದಿದ್ದರೂ ಅದು ಹೆಚ್ಚಿದೆ ಎಂದು ಡ್ರಾಫ್ಟಿಗೆ ಮೊದಲೇ ನನಗೆ ಬಹುಮಟ್ಟಿಗೆ ಖಚಿತವಾಗಿತ್ತು. ಅದನ್ನು ಹೇಗೆ ತಿಳಿದುಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದಿನ ಡ್ರಾಫ್ಟಿನಲ್ಲಿಯೂ ನನಗೆ ಅದು ಬೇಕು. ಯೂರೋಪಿನ ಹುಡುಗನನ್ನೇ ಹುಡುಕಿದ್ದಕ್ಕೆ ಇನ್ನೊಂದು ಕಾರಣವಿತ್ತು. ಕೆನಡಾದ ಜೂನಿಯರ್ ಲೀಗುಗಳಿಂದ ಬಂದವನನ್ನು ಇಪ್ಪತ್ತು ತುಂಬುವ ಮೊದಲು ಫಾರ್ಮ್ ತಂಡಕ್ಕೆ ಕಳಿಸಲು ನಮ್ಮ ಲೀಗಿನ ನಿಯಮ ಬಿಡುವುದಿಲ್ಲ. ಅವನು ಮುಖ್ಯ ತಂಡದಲ್ಲಿ ಇರಬೇಕು, ಇಲ್ಲವೇ ಜೂನಿಯರ್‌ಗೆ ಮರಳಬೇಕು. ಯೂರೋಪಿನಿಂದ ಬಂದವನಿಗೆ ಆ ತೊಡಕಿಲ್ಲ.

ಮೊದಲ ವರ್ಷ ಅವನನ್ನು ಸ್ವೀಡನ್ನಿನಲ್ಲೇ ಬಿಟ್ಟೆ, ಒಪ್ಪಂದಕ್ಕೂ ಸಹಿ ಹಾಕಿಸಲಿಲ್ಲ. ಹತ್ತೊಂಬತ್ತಕ್ಕೆ ವರ್ಷಕ್ಕೆ ಒಂಬತ್ತು ಲಕ್ಷ ಡಾಲರಿನ ಆಸುಪಾಸಿನಲ್ಲಿ ಪ್ರವೇಶ ಒಪ್ಪಂದ ಮಾಡಿಸಿ ನೇರವಾಗಿ ಫಾರ್ಮ್ ತಂಡಕ್ಕೆ ಕಳಿಸಿದೆ. ಆ ವರ್ಷ ಮುಖ್ಯ ತಂಡದಲ್ಲಿ ಹತ್ತು ಪಂದ್ಯ ಮುಟ್ಟದಂತೆ ನೋಡಿಕೊಂಡದ್ದರಿಂದ ಒಪ್ಪಂದದ ಮೊದಲ ವರ್ಷ ಖರ್ಚಾಗದೆ ಮುಂದಕ್ಕೆ ಜಾರಿತು. ಗಾಯಾಳುಗಳಿಂದ ತಂಡ ತತ್ತರಿಸಿದ್ದ ಎರಡು ವಾರದಲ್ಲಿ ಅವನನ್ನು ಕರೆಸಿ ಐದಾರು ಪಂದ್ಯ ಆಡಿಸಿದ್ದೆ; ಅಷ್ಟಕ್ಕೇ ನಿಲ್ಲಿಸಿ ವಾಪಸು ಕಳಿಸಿದಾಗ ಬಂದ ಟೀಕೆ ಕಡಿಮೆಯದ್ದಲ್ಲ. ಆ ಒಂದು ವರ್ಷ ಜಾರಿದ್ದರಿಂದಲೇ ಇವತ್ತು ಮೊದಲ ಜೋಡಿಯ ಡಿಫೆನ್ಸ್‌ಮನ್ ಒಂಬತ್ತು ಲಕ್ಷಕ್ಕೆ ಆಡುತ್ತಿದ್ದಾನೆ. ಅದೇ ಕೆಲಸಕ್ಕೆ ಬೇರೆ ತಂಡಗಳು ಎಪ್ಪತ್ತು ಎಂಬತ್ತು ಲಕ್ಷ ತೆರುತ್ತಿವೆ.

ಫಾರ್ಮ್ ತಂಡದ ಎರಡು ಋತುಗಳಲ್ಲಿ ಅವನಿಗೆ ಪವರ್ ಪ್ಲೇ ಒಂದು ನಿಮಿಷವನ್ನೂ ಕೊಡಲಿಲ್ಲ. ಪೆನಾಲ್ಟಿ ಕಿಲ್‌ನ (ನಮ್ಮ ಆಟಗಾರ ಪೆನಾಲ್ಟಿಯಿಂದ ಹೊರಗಿರುವಾಗ ಗೋಲು ತಡೆಯುವ ಆಟ) ಮೊದಲ ಜೋಡಿ, ಸಮಬಲದ ಆಟದ ಮೊದಲ ಜೋಡಿ, ಎದುರಾಳಿಯ ಅತ್ಯುತ್ತಮ ಸಾಲಿನ ಎದುರು ನಿಲ್ಲುವ ಕೆಲಸ, ಒಟ್ಟು 22ರಿಂದ 24 ನಿಮಿಷ. ಪಾಯಿಂಟುಗಳು ಸಹಜವಾಗಿ ಕಡಿಮೆಯಾದವು: ಮೊದಲ ಋತುವಿನಲ್ಲಿ ಎಪ್ಪತ್ತು ಪಂದ್ಯಕ್ಕೆ ಹದಿನೈದರ ಸುತ್ತ, ಎರಡನೆಯದರಲ್ಲಿ ಇಪ್ಪತ್ತರ ಮೇಲೆ ಸ್ವಲ್ಪ. ಇದನ್ನು ನೋಡಿಯೇ ಹುಡುಗ ಮುಗಿದ ಎಂದು ತೀರ್ಪು ಕೊಟ್ಟವರಿದ್ದರು, ಮೂರನೇ ಸುತ್ತಿನ ಒಂದು ಆಯ್ಕೆ ಕೊಡುತ್ತೇನೆ, ಈಗಲೇ ತಲೆನೋವು ಕಳೆದುಕೊಳ್ಳಿ ಎಂದವರೂ ಇದ್ದರು. ನಾನು ನೋಡುತ್ತಿದ್ದ ಅಂಕಣ ಬೇರೆ, ಪೆನಾಲ್ಟಿ ನಿಮಿಷಗಳದ್ದು. ಜಾಗ ತಪ್ಪಿದ ಡಿಫೆನ್ಸ್‌ಮನ್ ದಾಟಿಹೋದವನನ್ನು ಸ್ಟಿಕ್ಕಿನಿಂದ ಕೊಕ್ಕೆ ಹಾಕಿ ಎಳೆಯುತ್ತಾನೆ, ಕೈಯಲ್ಲಿ ಹಿಡಿಯುತ್ತಾನೆ, ಹಾಗಾಗಿ ಹುಕಿಂಗ್ ಮತ್ತು ಹೋಲ್ಡಿಂಗ್ ಪೆನಾಲ್ಟಿಗಳ ಏರಿಳಿತವೇ ಪೊಸಿಷನಿಂಗಿನ ನಿಜವಾದ ವರದಿ. ಮೊದಲ ಋತುವಿನಲ್ಲಿ ಅರವತ್ತರ ಹತ್ತಿರವಿದ್ದ ಅವನ ಪೆನಾಲ್ಟಿ ನಿಮಿಷಗಳು ಎರಡನೆಯದರಲ್ಲಿ ನಲವತ್ತಕ್ಕೆ ಇಳಿದವು, ಆಡಿದ ಕಾಲ ಹೆಚ್ಚಾಗಿದ್ದರೂ. ಪ್ಲಸ್-ಮೈನಸ್ (ಆಟಗಾರ ಆಡುತ್ತಿರುವಾಗ ತಂಡ ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ವ್ಯತ್ಯಾಸ) ನೋಡಿ ಬೀಗುವವರಿಗೆ ನಾನು ಹೇಳುವುದಿಷ್ಟೇ, ಫಾರ್ಮ್ ತಂಡದ ಗೋಲ್‌ಕೀಪರ್ ಕೆಟ್ಟವನಾಗಿದ್ದರೆ ಆ ಅಂಕಿ ಯಾವ ಡಿಫೆನ್ಸ್‌ಮನ್ ಬಗ್ಗೆಯೂ ಏನನ್ನೂ ತಿಳಿಸುವುದಿಲ್ಲ.

ಜೊತೆಗಾರನಿಗೆ ಹಣ ಖರ್ಚು ಮಾಡಿದ್ದೂ ನಿಜ. ಬಲಗೈಯಲ್ಲಿ ಆಡುವ, ಮುಖ್ಯ ಲೀಗಿನಲ್ಲಿ ಯಾರಿಗೂ ಬೇಡವಾಗಿದ್ದ ಮೂವತ್ತಮೂರರ ಹಿರಿಯನೊಬ್ಬನಿಗೆ ವರ್ಷಕ್ಕೆ ಹನ್ನೆರಡು ಲಕ್ಷದಂತೆ ಎರಡು ವರ್ಷ ಕೊಟ್ಟು ಫಾರ್ಮ್ ತಂಡದಲ್ಲಿ ಇವನ ಪಕ್ಕದಲ್ಲಿ ನಿಲ್ಲಿಸಿದೆ. ಫಾರ್ಮ್ ತಂಡಕ್ಕೆ ಅಷ್ಟು ದುಡ್ಡೇ ಎಂದು ಕೇಳಿದರು. ಆದರೆ ಮೇಲೆ ಹೇಳಿದ ಸತ್ತ ಹಣದ ಎದುರು ಇಪ್ಪತ್ತನಾಲ್ಕು ಲಕ್ಷ ಯಾವ ಲೆಕ್ಕ? ಆ ಹಿರಿಯನನ್ನು ಆರಿಸುವಾಗ ಕೌಶಲಕ್ಕಿಂತ ಇನ್ಫ್ಲುಯೆನ್ಸ್ ಮತ್ತು ಟೀಮ್‌ವರ್ಕ್ ನೋಡಿದೆ. ಇನ್ನೂ ಒಂದನ್ನು ನೋಡಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಈ ನಡುವೆ ಮಾಡಿದ ಎರಡು ಪಕ್ಕದ ಪ್ರಯೋಗಗಳನ್ನು ಹೇಳಬೇಕು, ಯಾರಾದರೂ ಅದೇ ದಾರಿ ಹಿಡಿಯುವ ಮೊದಲು. ವೇಗವೂ ಆಕ್ಸಲರೇಷನ್ನೂ ಹದಿನೇಳಿದ್ದ ಒಬ್ಬ ವಿಂಗರ್‌ನನ್ನು ಡಿಫೆನ್ಸ್‌ಮನ್ ಆಗಿ ಬದಲಾಯಿಸಲು ಫಾರ್ಮ್ ತಂಡದಲ್ಲಿ ಇಡೀ ಋತು ಆಡಿಸಿದೆ. ಪಕ್ ಹೊರತರುವುದರಲ್ಲಿ ಅವನು ಅದ್ಭುತನಾಗಿದ್ದ, ಆದರೆ ತನ್ನ ಗೋಲಿನ ಮುಂದೆ ಯಾರನ್ನೂ ತಡೆಯಲಿಲ್ಲ, ವಿಂಗರ್ ಆಗಿ ಬೆಳೆಯಬೇಕಿದ್ದ ವರ್ಷವೂ ಹೋಯಿತು. ಅವನನ್ನು ಮುಂದಿನ ಬೇಸಿಗೆಯಲ್ಲಿ ಐದನೇ ಸುತ್ತಿನ ಆಯ್ಕೆಗೆ ಕೊಡಬೇಕಾಯಿತು. ಎರಡನೆಯದು, ನಮ್ಮ ಹುಡುಗನನ್ನೇ ಬಲಬದಿಯಲ್ಲಿ ಆಡಿಸಿದ್ದು. ಎಡಗೈ ಆಟಗಾರನಿಗೆ ಬಲಬದಿಯಲ್ಲಿ ಗೋಡೆಗೆ ಬೆನ್ನುಕೊಟ್ಟು ಪಕ್ ತೆಗೆಯುವುದು ಕಷ್ಟ, ಅವನ ಪಾಸುಗಳು ಕೆಡುತ್ತವೆ ಎಂಬುದು ಎಲ್ಲರಿಗೂ ತಿಳಿದ ಮಾತು. ಮೊದಲ ತಿಂಗಳು ಹಾಗೆಯೇ ಆಯಿತು. ಆದರೆ ಎರಡು ತಿಂಗಳು ಬಿಡದೆ ಆಡಿಸಿದ ಮೇಲೆ ಬಲಬದಿಯ ಅಂಕ ಸಾಕಷ್ಟು ಏರಿ, ಈಗ ಗಾಯದ ಸಮಸ್ಯೆ ಬಂದಾಗ ಅವನನ್ನು ಅಲ್ಲಿಗೆ ಸರಿಸುವ ಅನುಕೂಲ ಸಿಕ್ಕಿದೆ.

ಇಪ್ಪತ್ತೊಂದಕ್ಕೆ ಮುಖ್ಯ ತಂಡದ ಮೂರನೇ ಜೋಡಿಯಲ್ಲಿ ಹದಿನೈದು ಹದಿನಾರು ನಿಮಿಷ ಆಡಿದ. ಆಗ ಪೊಸಿಷನಿಂಗ್ ಹದಿನಾಲ್ಕು ಮುಟ್ಟಿತ್ತು. ಆ ವರ್ಷ ಎರಡನೇ ಪವರ್ ಪ್ಲೇ ಘಟಕಕ್ಕೆ ಹಾಕಿ ಎಂಬ ಒತ್ತಾಯವನ್ನೂ ನಾನು ಒಪ್ಪಲಿಲ್ಲ. ಕಳೆದ ಬೇಸಿಗೆಯಲ್ಲಿ ಮಾತ್ರ, ಪೊಸಿಷನಿಂಗ್ ಮತ್ತು ಆಂಟಿಸಿಪೇಷನ್ ಎರಡೂ ಹದಿನೈದು ದಾಟಿದ ಮೇಲೆ, ತರಬೇತಿಯನ್ನು ಪಾಸಿಂಗ್ ಕಡೆಗೆ ತಿರುಗಿಸಿದೆ. ಈ ಋತುವಿನಲ್ಲಿ ನಲವತ್ತರ ಆಸುಪಾಸು ಪಾಯಿಂಟು, ಮೂವತ್ತಕ್ಕಿಂತ ಕಡಿಮೆ ಪೆನಾಲ್ಟಿ ನಿಮಿಷ.

ಪ್ಲೇಆಫ್‌ನ ಎರಡನೇ ಸುತ್ತಿನ ಒಂದು ಪಂದ್ಯದ ವಿವರಪಟ್ಟಿಯನ್ನು ನಾನು ತೆಗೆದಿಟ್ಟುಕೊಂಡಿದ್ದೇನೆ. ಹೆಚ್ಚುವರಿ ಅವಧಿಗೆ ಹೋದ ಆ ಪಂದ್ಯದಲ್ಲಿ ಅವನು 29 ನಿಮಿಷ ಆಡಿದ, ಅದರಲ್ಲಿ ಐದು ನಿಮಿಷ ಪೆನಾಲ್ಟಿ ಕಿಲ್. ಲೀಗಿನ ಅತಿ ಹೆಚ್ಚು ಗೋಲುಗಳ ಸೆಂಟರ್ ಬಹುಪಾಲು ಇವನ ಎದುರೇ ಇದ್ದ, ಮತ್ತು ಆ ಸೆಂಟರ್‌ನ ಹೆಸರಿನ ಮುಂದೆ ಇದ್ದದ್ದು ಒಂದೇ ಶಾಟ್. ನಮ್ಮ ಹುಡುಗನ ಸಾಲಿನಲ್ಲಿ ಗೋಲಿಲ್ಲ, ಅಸಿಸ್ಟಿಲ್ಲ, ಪೆನಾಲ್ಟಿಯೂ ಇಲ್ಲ. ಡಿಫೆನ್ಸ್‌ಮನ್ ಒಬ್ಬನ ಸಾಲು ಇದಕ್ಕಿಂತ ಚೆನ್ನಾಗಿರುವುದನ್ನು ನಾನು ಈ ಲೀಗಿನಲ್ಲಿ ಕಂಡಿಲ್ಲ.

ಇನ್ನು ಮುಂದಿನ ದಾರಿ. ನನ್ನ ಅಂದಾಜಿನಲ್ಲಿ ಅವನ ಸದ್ಯದ ಸಾಮರ್ಥ್ಯ 140ರ ಆಸುಪಾಸು, ಗರಿಷ್ಠ ಮಿತಿ 160 ದಾಟಬಹುದು. ಇಪ್ಪತ್ತಾರರಿಂದ ಮೂವತ್ತರವರೆಗೆ ಅವನ ಉತ್ತಮ ವರ್ಷಗಳು. ಸ್ಲ್ಯಾಪ್‌ಶಾಟ್ ಹನ್ನೆರಡಕ್ಕಿಂತ ಮೇಲೆ ಹೋಗುವುದಿಲ್ಲ ಎಂದು ಒಪ್ಪಿಕೊಂಡಿದ್ದೇನೆ, ಹಾಗಾಗಿ ಪವರ್ ಪ್ಲೇಯ ಮೊದಲ ಘಟಕಕ್ಕೆ ಬೇರೆ ಆಟಗಾರ ಬೇಕು, ಮತ್ತು ಅದು ಬೇರೆಯವನದಾದಷ್ಟೂ ಸಂಬಳದ ಮಾತುಕತೆಯಲ್ಲಿ ಇವನ ಪಾಯಿಂಟುಗಳು ನಮ್ಮ ಕೈ ಮೀರುವುದಿಲ್ಲ. ಪ್ರವೇಶ ಒಪ್ಪಂದ ಈ ಬೇಸಿಗೆಗೆ ಮುಗಿಯುತ್ತದೆ. ಎರಡು ವರ್ಷದ ಸಣ್ಣ ಒಪ್ಪಂದ ಮಾಡಿದರೆ ಈಗ ವರ್ಷಕ್ಕೆ ಮೂವತ್ತೈದು ಲಕ್ಷದಲ್ಲಿ ಮುಗಿಯಬಹುದು, ಆದರೆ ಇಪ್ಪತ್ತನಾಲ್ಕಕ್ಕೆ ಅವನು ತೊಂಬತ್ತು ಲಕ್ಷ ಕೇಳುತ್ತಾನೆ, ಆಮೇಲೆ ಇಪ್ಪತ್ತೇಳಕ್ಕೆ, ಯಾವ ತಂಡಕ್ಕೂ ಹೋಗಬಲ್ಲ ಮುಕ್ತ ಆಟಗಾರನಾಗುವ ದಿನವೂ ದೂರವಿರುವುದಿಲ್ಲ. ಆದ್ದರಿಂದ ಲೀಗ್ ಬಿಡುವ ಗರಿಷ್ಠ ಅವಧಿಯಾದ ಎಂಟು ವರ್ಷಕ್ಕೇ ಕೂರುತ್ತೇನೆ. ಅರವತ್ತು ಲಕ್ಷದಿಂದ ಮಾತು ಆರಂಭಿಸಿ ಅರವತ್ತೆಂಟರವರೆಗೆ ಹೋಗಲು ಸಿದ್ಧನಿದ್ದೇನೆ, ಹಿಂದಿನ ಒಪ್ಪಂದದ ಸತ್ತ ಹಣವೂ ಇದೇ ಬೇಸಿಗೆಗೆ ಲೆಕ್ಕದಿಂದ ಇಳಿಯುತ್ತದೆ. ಫಾರ್ಮ್ ತಂಡದಲ್ಲಿ ಈಗ ಹತ್ತೊಂಬತ್ತರ ಇನ್ನೊಬ್ಬ ಎಡಗೈ ಹುಡುಗ ಇದೇ ಕ್ರಮದಲ್ಲಿ 22 ನಿಮಿಷ ಆಡುತ್ತಿದ್ದಾನೆ. ಅವನಿಗಾಗಿ ಮೂರನೇ ಸುತ್ತಿನ ಆಯ್ಕೆ ಕೊಡಲು ಬಂದವರಿಗೆ ಈಗಾಗಲೇ ಇಲ್ಲವೆಂದು ತಿಳಿಸಿದ್ದೇನೆ.