ಮಂಡಿಯ ಟ್ಯಾಲಿ ಲೆಕ್ಕ ಉಳಿಸಿಕೊಳ್ಳುವ ಬಗೆ

ಶಿವಮೊಗ್ಗದಲ್ಲಿ ಅಡಿಕೆ ಮಂಡಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲಿ ಲೆಕ್ಕ ಬರೆಯುವುದು ಟ್ಯಾಲಿ ಎಂಬ ಸಾಫ್ಟ್‌ವೇರಿನಲ್ಲಿ. ಒಂದು ಸೋಮವಾರ ಗುಮಾಸ್ತರೊಬ್ಬರು ಫೋನ್ ಮಾಡಿ, "ಸಾರ್, ಟ್ಯಾಲಿನಲ್ಲಿ ಕಂಪನೀನೇ ತೋರಿಸ್ತಿಲ್ಲ" ಅಂದರು. ಹೋಗಿ ನೋಡಿದರೆ ಫೈಲುಗಳ ಹೆಸರಿನ ಬಾಲಕ್ಕೆಲ್ಲ ಅರ್ಥವಾಗದ ಅಕ್ಷರ, ಡೆಸ್ಕ್‌ಟಾಪಿನಲ್ಲಿ ದುಡ್ಡು ಕೇಳುವ ಚೀಟಿ. ಫೈಲುಗಳಿಗೆ ಬೀಗ ಜಡಿದು ಬಿಡಿಸಲು ಹಣ ಕೇಳುವ ವೈರಸ್, ಅಂದರೆ ರ‍್ಯಾನ್ಸಮ್‌ವೇರ್. ಬ್ಯಾಕಪ್ ಹಾರ್ಡ್ ಡಿಸ್ಕ್ ಮೂರು ವರ್ಷದಿಂದ ಸಿಪಿಯು ಹಿಂದೆ ಚುಚ್ಚಿಕೊಂಡೇ ಇತ್ತು. ಅದೂ ಲಾಕ್ ಆಗಿತ್ತು. ಹಾಗೆ ಚುಚ್ಚಿಡಿ ಅಂದವನು ನಾನೇ. ಉಳಿದದ್ದು ಆಡಿಟರಿಗೆಂದು ಪೆನ್‌ಡ್ರೈವಿಗೆ ಹಾಕಿದ್ದ ಮಾರ್ಚ್ ಲೆಕ್ಕ ಮಾತ್ರ. ಆಗ ಆಗಸ್ಟ್. ಐದು ತಿಂಗಳ ಪಟ್ಟಿಗಳನ್ನು ಕೂತು ಮತ್ತೆ ಎಂಟ್ರಿ ಮಾಡಿದರು.

ಈಗ ನಾನು ಮಾಡಿಸುವುದು ಹೀಗೆ. ಎರಡು ಹಾರ್ಡ್ ಡಿಸ್ಕ್ ತನ್ನಿ. ಒಂದಕ್ಕೆ ಕೆಂಪು ಇನ್ಸುಲೇಶನ್ ಟೇಪ್, ಇನ್ನೊಂದಕ್ಕೆ ಹಸಿರು. ಒಂದು ದಿನ ಕೆಂಪು, ಮರುದಿನ ಹಸಿರು. ಸಂಜೆ ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಹಿಡಿದು ವೈ ಒತ್ತಿ, ಬ್ಯಾಕಪ್ ಆರಿಸಿ. ಪ್ರತಿ ಸಲ ಆ ದಿನದ ತಾರೀಖಿನ ಹೊಸ ಫೋಲ್ಡರಿಗೆ ಹಾಕಿ, ಹಳೆಯದರ ಮೇಲೆ ಬರೆಯಬೇಡಿ. ಮುಗಿದ ಕೂಡಲೇ ಡಿಸ್ಕ್ ಕಿತ್ತಿಡಿ. ವಿಂಡೋಸ್ ಬರೆಯಬಲ್ಲ ಡ್ರೈವಿಗೆಲ್ಲ ವೈರಸ್ಸೂ ಬರೆಯಬಲ್ಲದು. ಆ ದಿನದ ಡಿಸ್ಕ್ ಯಜಮಾನರ ಮನೆಯ ಬೀರುವಿಗೆ ಹೋಗಬೇಕು. ಮಂಡಿಗೆ ಬೆಂಕಿ ಬಿದ್ದರೂ ಲೆಕ್ಕ ಉಳಿಯಬೇಕಲ್ಲ. "ಗೂಗಲ್ ಡ್ರೈವ್ ಇದೆಯಲ್ಲ" ಅನ್ನುತ್ತಾರೆ. ಸಿಂಕ್ ಆಗುವ, ಅಂದರೆ ತಾನಾಗಿ ನಕಲಾಗುತ್ತಿರುವ ಫೋಲ್ಡರಿಗೆ ಕೆಟ್ಟ ಫೈಲೂ ಅಷ್ಟೇ ನಿಯತ್ತಾಗಿ ಹೋಗಿ ಕೂರುತ್ತದೆ. ಹಳೆಯ ಪ್ರತಿ ಸಾಮಾನ್ಯವಾಗಿ 30 ದಿನ ಸಿಗುತ್ತದೆ, ಆದರೆ ಒಂದೊಂದೇ ಫೈಲ್ ಹಿಂದಕ್ಕೆ ತರುವಷ್ಟರಲ್ಲಿ ಸಾಕುಬೇಕಾಗುತ್ತದೆ.

ಕಳ್ಳ ಬಂದದ್ದು ರೌಟರ್ ದಾರಿಯಲ್ಲಿ. ಆಡಿಟರ್ ಮನೆಯಿಂದಲೇ ನೋಡಲಿ ಎಂದು ಯಾರೋ ರಿಮೋಟ್ ಡೆಸ್ಕ್‌ಟಾಪಿನ 3389 ಪೋರ್ಟ್, ಅಂದರೆ ಹೊರಗಿನಿಂದ ಒಳಬರುವ ಬಾಗಿಲು, ತೆರೆದಿಟ್ಟಿದ್ದರು. ಪಾಸ್‌ವರ್ಡ್ ಮಂಡಿಯ ಹೆಸರು, ಮುಂದೆ 123. ರೌಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟ ತೆರೆದು ಆ ಸಾಲು ಅಳಿಸಿ. ನಂಬರ್ ಬದಲಾಯಿಸಿದರೆ ಸಾಲದು, ಹುಡುಕುವ ಪ್ರೋಗ್ರಾಂಗಳು ಎಲ್ಲ ಬಾಗಿಲೂ ತಟ್ಟುತ್ತವೆ. ದೂರದಿಂದ ನೋಡಲೇಬೇಕಿದ್ದರೆ ವಿಪಿಎನ್, ಅಂದರೆ ಬೀಗವಿರುವ ಖಾಸಗಿ ದಾರಿ, ಹಾಕಿಸಿ. ಗುಮಾಸ್ತರ ದಿನದ ಲಾಗಿನ್‌ಗೆ ಅಡ್ಮಿನ್ ಅಧಿಕಾರ ಬೇಡ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅದನ್ನೂ ನೋಡಿಕೊಳ್ಳಿ.

ಅಷ್ಟಾಗಿಯೂ ವೈರಸ್ ಬಿತ್ತು ಅನ್ನಿ. ಮೊದಲು ಲ್ಯಾನ್ ಕೇಬಲ್ ಕೀಳಿ, ವೈಫೈ ಬಂದ್ ಮಾಡಿ. ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಗಾಬರಿಯಲ್ಲಿ ಫಾರ್ಮ್ಯಾಟ್ ಹೊಡೆಯಬೇಡಿ. ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತಿತರರು 2016ರಲ್ಲಿ ಶುರು ಮಾಡಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ತಳಿಗಳಿಗೆ ಬೀಗದಕೈ ಪುಕ್ಕಟೆ ಸಿಗುತ್ತದೆ. ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ಖಾತೆಯಿಂದ ಹಣವೂ ಹೋಗಿದ್ದರೆ ತಕ್ಷಣ 1930 ಸಹಾಯವಾಣಿಗೆ ಫೋನ್ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ 6 ಗಂಟೆಯೊಳಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ಆದೇಶವಿದೆ.

ಇನ್ನು ಎಲ್ಲರೂ ಸೋಮಾರಿತನ ಮಾಡುವ ಕೆಲಸ. ತಿಂಗಳ ಮೊದಲ ಶನಿವಾರ ಬ್ಯಾಕಪ್ಪನ್ನು ಬೇರೊಂದು ಹಳೆ ಲ್ಯಾಪ್‌ಟಾಪಿನಲ್ಲಿ ರಿಸ್ಟೋರ್ ಮಾಡಿ. ಕ್ಯಾಶ್ ಬ್ಯಾಲೆನ್ಸ್ ತೆರೆದು, ಹಿಂದಿನ ಸಂಜೆ ಪುಸ್ತಕದಲ್ಲಿ ಪೆನ್ನಿನಿಂದ ಬರೆದಿಟ್ಟ ಮೊತ್ತದ ಜೊತೆ ತಾಳೆ ನೋಡಿ. ಆ ಗುಮಾಸ್ತರು ಈಗ ಪ್ರತಿ ಸಲ ಫೋನಿನಲ್ಲಿ ಎರಡೂ ಓದಿ ಹೇಳುತ್ತಾರೆ. ಕಳೆದ ಸಲ 40 ರೂಪಾಯಿ ಹೊಂದಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೊತ್ತಾಯಿತು: ಬ್ಯಾಕಪ್ ಮುಗಿಸಿದ ಮೇಲೆ ಹಮಾಲರ ಟೀ ವೋಚರ್ ಹಾಕಿದ್ದರು.